ಮುಚ್ಚುಮರೆಯಿಲ್ಲದ ವಿಮಾನ

ವಿಮಾನದ ಕಂಪ್ಯೂಟರಿಗೆ ಹಾರುವ ಬುದ್ಧಿ ಕಲಿಸುವುದೇ ಅತ್ತಿಗೆಯ ಕೆಲಸವಾಗಿದ್ದರೂ, ವಿಮಾನ ಹತ್ತುವುದೆಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಬೇರೆ ಊರಿನಲ್ಲಿ ಸಮ್ಮೇಳನವಿದ್ದರೆ ಜೊತೆಯವರೆಲ್ಲ ಬೆಳಿಗ್ಗೆ ಹಾರಿಹೋಗಿ ಸಂಜೆಗೆ ಮನೆ ಸೇರುತ್ತಿದ್ದರು. ಅವಳು ಮಾತ್ರ ಹಿಂದಿನ ದಿನವೇ ರೈಲು ಹತ್ತಿ, ಕಿಟಕಿಯ ಪಕ್ಕ ಕಾಗದ ಹರಡಿಕೊಂಡು ಕೂತುಬಿಡುತ್ತಿದ್ದಳು. ಕೇಳಿದವರಿಗೆ, "ರೈಲಲ್ಲಿ ಲೆಕ್ಕ ಚೆನ್ನಾಗಿ ಬರುತ್ತೆ" ಎನ್ನುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ. ಲೆಕ್ಕ ಮಾತ್ರ ನಿಜವಾಗಿಯೂ ಚೆನ್ನಾಗಿ ಬರುತ್ತಿದ್ದುದರಿಂದ ಎದುರಾಡುವಂತೆಯೂ ಇರಲಿಲ್ಲ.

ಅವಳನ್ನು ಕಂಪನಿಯಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದುದಕ್ಕೆ ಕಾರಣ ಅವಳ ನಾದಿನಿ. ಗಂಡನ ತಂಗಿಯಾದ ಈಕೆ ಅದೇ ಕಂಪನಿಯಲ್ಲಿ ಪರೀಕ್ಷಾ ಪೈಲಟ್. ಹೊಸ ವಿಮಾನ ಯಾವುದಿದ್ದರೂ ಮೊದಲು ಹಾರಿಸಿ, ಅದರ ಗುಣಾವಗುಣ ಹೇಳಬೇಕಾದವಳು. ದನಿ ಸ್ವಲ್ಪ ದೊಡ್ಡದು. ವಿಮಾನ ನಿಲ್ಲಿಸುವ ಹ್ಯಾಂಗರಿನ ಈ ತುದಿಯಿಂದ ಆ ತುದಿಗೆ "ಅತ್ತಿಗೇ" ಎಂದು ಅವಳು ಕೂಗಿ ಕೂಗಿ, ಕ್ರಮೇಣ ಮೆಕ್ಯಾನಿಕ್ಕುಗಳಿಗೂ, ಗೇಟಿನ ಮುದುಕ ಕಾವಲುಗಾರನಿಗೂ ಅವಳ ಅಣ್ಣನ ಹೆಂಡತಿ ಅತ್ತಿಗೆಯಾಗಿಬಿಟ್ಟಳು. ಇಬ್ಬರೂ ಇರುತ್ತಿದ್ದದ್ದು ಒಂದೇ ಮನೆಯಲ್ಲಿ: ಕೆಳಗೆ ಅತ್ತಿಗೆ ಮತ್ತು ಅವಳ ಗಂಡ, ಮಹಡಿಯ ಮೇಲೆ ನಾದಿನಿ. ಪರದೆಯ ಬಣ್ಣದಿಂದ ಹಿಡಿದು ಪಾತ್ರೆ ಒರೆಸುವ ಬಟ್ಟೆಯವರೆಗೆ ಯಾವುದರಲ್ಲೂ ಇಬ್ಬರಿಗೂ ಒಮ್ಮತವಿರಲಿಲ್ಲ. ಆದರೆ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಕೆಲಸಕ್ಕೆ ಹೋಗುತ್ತಿರಲಿಲ್ಲ.

ಕಂಪನಿ ಆಗ ಕಟ್ಟುತ್ತಿದ್ದದ್ದು ಪುಟ್ಟ ಆಸ್ಪತ್ರೆ ವಿಮಾನ. ಎರಡು ಎಂಜಿನ್, ಒಂದು ಸ್ಟ್ರೆಚರ್, ವೈದ್ಯರಿಗೊಂದು ಸೀಟು. ರಸ್ತೆ ಹೋಗದ ಜಾಗಗಳಿಗೆ ಹೋಗಿ ರೋಗಿಗಳನ್ನು ಎತ್ತಿಕೊಂಡು ಬರುವುದು ಅದರ ಕೆಲಸ. ಜಲ್ಲಿ ಹಾಸಿದ ಗಿಡ್ಡ ರನ್‌ವೇ, ಅಡ್ಡಗಾಳಿ, ರೆಕ್ಕೆಗೆ ಹತ್ತುವ ಹಿಮ, ಇವೆಲ್ಲ ಅದಕ್ಕೆ ದಿನನಿತ್ಯದ ಪಾಡು.

ಇಂಥ ವಿಮಾನಗಳ ಹಿಡಿತಕ್ಕೆ ಹಳೆಯ ಪದ್ಧತಿಯೊಂದಿತ್ತು. ಇಷ್ಟು ವೇಗಕ್ಕೆ ಇಂಥ ಲೆಕ್ಕ, ಇಷ್ಟು ಎತ್ತರಕ್ಕೆ ಇಂಥ ಲೆಕ್ಕ ಎಂದು ತುಂಡು ತುಂಡಾಗಿ ಬರೆದು ನಡುವೆ ತೇಪೆ ಹಚ್ಚುವುದು. ಗಾಳಿ ಸೌಮ್ಯವಾಗಿದ್ದಾಗ ಅಷ್ಟು ಸಾಕು. ಆದರೆ ಗಾಳಿಗೆ ನೇರ ಲೆಕ್ಕ ಗೊತ್ತಿಲ್ಲ. ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಕ್ಕನ್ನು ಸ್ವಲ್ಪ ಎಳೆದರೆ ವಿಮಾನದ ಮೂಗು ಸ್ವಲ್ಪ ಏಳುತ್ತದೆ, ಇನ್ನಷ್ಟು ಎಳೆದರೆ ಇನ್ನಷ್ಟು ಏಳುತ್ತದೆ, ಮತ್ತೂ ಎಳೆದರೆ ಏಳುವುದಿರಲಿ, ರೆಕ್ಕೆ ಗಾಳಿಯನ್ನೇ ಬಿಟ್ಟುಬಿಟ್ಟು ವಿಮಾನ ಕಲ್ಲಿನ ಹಾಗೆ ಇಳಿಯತೊಡಗುತ್ತದೆ. ಅತ್ತಿಗೆ ಬರೆದ ಲೆಕ್ಕದಲ್ಲಿ ತೇಪೆಯೇ ಇರಲಿಲ್ಲ. ವಿಮಾನ ಈಗ ಹೇಗೆ ನಡೆದುಕೊಳ್ಳಬೇಕಿತ್ತು, ಹೇಗೆ ನಡೆದುಕೊಳ್ಳುತ್ತಿದೆ ಎಂದು ಅವಳ ಕಂಪ್ಯೂಟರು ಕ್ಷಣಕ್ಷಣಕ್ಕೂ ಹೋಲಿಸಿ ನೋಡುತ್ತಿತ್ತು. ವ್ಯತ್ಯಾಸ ಕಂಡರೆ ಅದು ಹಿಮದಿಂದ ಬಂತೋ, ಬಿರುಗಾಳಿಯಿಂದ ಬಂತೋ, ತನ್ನದೇ ಲೆಕ್ಕದ ತಪ್ಪಿನಿಂದ ಬಂತೋ ಎಂದು ವಿಚಾರಣೆ ಮಾಡುತ್ತ ಕೂರದೆ, ರೆಕ್ಕೆಯ ಅಂಚಿನ ಫಲಕಗಳನ್ನು ಬೇಕಾದಷ್ಟು ತಿರುಗಿಸಿ ಸರಿಮಾಡಿಬಿಡುತ್ತಿತ್ತು. ವಿಮಾನ ಎಷ್ಟೇ ಹದಗೆಟ್ಟಿರಲಿ, ಪೈಲಟ್ ಕೇಳಿದ್ದು ಪೈಲಟ್ಟಿಗೆ ಸಿಗಬೇಕು. ಇದಕ್ಕಾಗಿ ಅತ್ತಿಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಮಾರ್ಜಿನ್ ಮೇಷ್ಟ್ರು ಎನ್ನುತ್ತಿದ್ದರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳಿದವರು. ಏನು ತೋರಿಸಿದರೂ ಅವರ ಮೊದಲ ಪ್ರಶ್ನೆ, "ಮಾರ್ಜಿನ್ ಎಷ್ಟಿದೆ?" ಏನಾದರೂ ತಪ್ಪಿದರೆ ಸಾವರಿಸಿಕೊಳ್ಳಲು ಎಷ್ಟು ಜಾಗ ಬಿಟ್ಟಿದ್ದೀರಿ ಎಂದು. ಚಹಾ ಲೋಟ ತುಂಬ ತುಂಬಿ ಕೊಟ್ಟರೂ ಅದನ್ನೇ ಕೇಳುವ ಮನುಷ್ಯ. ಅಂಥವರೇ, ನೆಲದ ಮೇಲೇ ಕೂತು ಹಾರಿಸಿದಂತೆ ಮಾಡುವ ಸಿಮ್ಯುಲೇಟರಿನಲ್ಲಿ ಅತ್ತಿಗೆಯ ಲೆಕ್ಕ ನೋಡಿ ಆ ಪ್ರಶ್ನೆ ಕೇಳುವುದನ್ನೇ ಮರೆತರು. ಹಿಮ ಹತ್ತಿಸಿದರು, ಒಂದು ಎಂಜಿನ್ ನಿಲ್ಲಿಸಿದರು, ಸ್ಟ್ರೆಚರನ್ನು ಒಂದು ಮಗ್ಗುಲಿಗೆ ಸರಿಸಿ ತೂಕ ಕೆಡಿಸಿದರು. ವಿಮಾನ ತುಟಿ ಪಿಟಕ್ಕೆನ್ನದೆ ನೇರವಾಗಿ ಹೋಯಿತು. ಅದನ್ನು ಹಾರಿಸಿದ ನಾದಿನಿ ಮಾತ್ರ ಹೊರಗೆ ಬಂದು, ಕೈಚೀಲ ಹೆಗಲಿಗೇರಿಸಿಕೊಂಡು, "ಮನೇಲಿ ಮಾತಾಡೋಣ" ಎಂದಳು. ಅವಳು ಹಾಗೆಂದರೆ ಜಗಳವಿದೆ ಎಂದೇ ಅರ್ಥ.

ಸಂಜೆ ಊಟಕ್ಕೆ ಕೂತಾಗ ಅವಳು ಶುರುಮಾಡಿದಳು. "ಅತ್ತಿಗೆ, ನಿಮ್ಮ ವಿಮಾನ ತುಂಬಾ ಒಳ್ಳೇದು. ಅದೇ ಅದರ ತೊಂದರೆ."

"ನೋಡಿದ್ರಾ?" ಎಂದು ಅತ್ತಿಗೆ ಗಂಡನ ಕಡೆ ತಿರುಗಿದಳು. "ಕೆಟ್ಟದಾಗಿದ್ರೆ ಕೆಟ್ಟದು ಅಂತಾಳೆ, ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ದೂರ್ತಾಳೆ."

ಗಂಡ ಹಲ್ಲಿನ ವೈದ್ಯ, ಶಾಂತ ಸ್ವಭಾವದವನು. "ಊಟದ ಮೇಜಿನ ಮೇಲೆ ವಿಮಾನ ಇಳಿಸಬೇಡಿ ಅಂತ ಎಷ್ಟು ಸಲ ಹೇಳೋದು? ನಾನು ಯಾವತ್ತಾದ್ರೂ ಊಟ ಮಾಡುವಾಗ ಹಲ್ಲಿನ ವಿಷಯ ಎತ್ತಿದೀನಾ?"

"ಎತ್ತಲ್ಲ ಅಣ್ಣ, ನೀನು ನೇರವಾಗಿ ಬಾಯೊಳಗೇ ಇಣುಕ್ತೀಯ," ಎಂದಳು ತಂಗಿ. ಮತ್ತೆ ಅತ್ತಿಗೆಯ ಕಡೆ ತಿರುಗಿ, "ಕೇಳಿ. ಮಾಮೂಲಿ ವಿಮಾನಕ್ಕೆ ಮೈ ಸರಿಯಿಲ್ಲ ಅಂದ್ರೆ ಕೈಗೆ ಗೊತ್ತಾಗುತ್ತೆ. ಒಂದು ಕಡೆ ಎಳೆಯುತ್ತೆ, ಮೈಯೆಲ್ಲ ಭಾರ ಮಾಡುತ್ತೆ. ನಿಮ್ಮದು ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಹೊಟ್ಟೆ ತುಂಬಿದ ಮೇಲೆ ಏನು ಮಾಡುತ್ತೆ?"

"ತುಂಬಲ್ಲ. ತುಂಬದ ಹಾಗೇ ಲೆಕ್ಕ ಹಾಕಿರೋದು."

"ಎಲ್ಲಾ ತೊಂದರೇನೂ ನೀವು ಮೊದಲೇ ಯೋಚನೆ ಮಾಡಿಟ್ಟಿದೀರಾ?"

"ಪೈಲಟ್ಟುಗಳಿಗೆ ಕೈಗೆ ಕೆಲಸ ಇಲ್ಲದಿದ್ರೆ ನಿದ್ದೆ ಬರಲ್ಲ ಕಣೇ, ಅದು ನಿಮ್ಮ ಕಷ್ಟ," ಎಂದು ಅತ್ತಿಗೆ ತಟ್ಟೆ ಎತ್ತಿಕೊಂಡು ಎದ್ದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ತಟ್ಟೆ ಉಜ್ಜುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ಹೊಟ್ಟೆ ತುಂಬುವ ಮಾತು ಬೇರೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ನಾದಿನಿ ಪಟ್ಟು ಬಿಡಲಿಲ್ಲ. ಮರುದಿನ ಸಭೆಯಲ್ಲಿ ಎಲ್ಲರೆದುರೇ ಹೇಳಿದಳು: "ಸಿಮ್ಯುಲೇಟರಲ್ಲಿ ಇದು ತೀರ್ಮಾನ ಆಗಲ್ಲ. ನಿಜವಾದ ವಿಮಾನದಲ್ಲಿ ಹಿಂದಿನ ಸೀಟಲ್ಲಿ ಅತ್ತಿಗೆ ಕೂತು ಅವರೇ ಪರೀಕ್ಷೆ ಮಾಡಲಿ."

ಅತ್ತಿಗೆ ಕೂಡಲೇ ನೆಪ ಹುಡುಕಿದಳು. ಕುತ್ತಿಗೆ ನೋವಿದೆ ಎಂದಳು, ಬರೆಯಬೇಕಾದ ವರದಿ ಇದೆ ಎಂದಳು, ತನ್ನ ಬದಲು ಹೋಗಲು ಜಾಣರು ಬೇಕಾದಷ್ಟು ಇದ್ದಾರೆ ಎಂದಳು. ಮಾರ್ಜಿನ್ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, "ಹೋಗ್ಬನ್ನಿ ಅತ್ತಿಗೆ. ನಿಮ್ಮ ಲೆಕ್ಕದ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದರು.

ಹಾರುವ ದಿನ ಬೆಳಿಗ್ಗೆ ಆಕಾಶ ಒರೆಸಿಟ್ಟ ಹಾಗಿತ್ತು. ಅತ್ತಿಗೆಗೆ ಕೊಟ್ಟ ಕಿತ್ತಳೆ ಬಣ್ಣದ ಉಡುಪು ಇಬ್ಬರಿಗಾಗುವಷ್ಟು ದೊಡ್ಡದಿತ್ತು. ತೋಳು ಮಡಿಸಿಕೊಂಡು ಅವಳು ಹೊರಬಂದಾಗ, ಏನೂ ಕೆಲಸವಿಲ್ಲದ ಮೆಕ್ಯಾನಿಕ್ಕುಗಳೂ ಏನೋ ನೆಪ ಹೂಡಿ ವಿಮಾನದ ಸುತ್ತ ನಿಂತಿದ್ದರು. "ಅತ್ತಿಗೆ, ರೈಲು ಎಷ್ಟೊತ್ತಿಗೆ?" ಎಂದು ಒಬ್ಬ ಕಾಲೆಳೆದ. ಅವಳು ಕೇಳಿಸದವಳ ಹಾಗೆ ವಿಮಾನ ಹತ್ತಿದಳು. ಸೀಟಿನ ಪಟ್ಟಿಯನ್ನು ನಾದಿನಿಯೇ ಬಿಗಿದು, ಕೆನ್ನೆ ತಟ್ಟಿ, "ಕಣ್ಣು ಮುಚ್ಕೊಂಡ್ರೆ ನಾನೇನೂ ಅಂದ್ಕೊಳ್ಳಲ್ಲ" ಎಂದು ಮುಂದೆ ಹೋಗಿ ಕೂತಳು.

ನೆಲ ಬಿಟ್ಟಾಗ ಅತ್ತಿಗೆ ನಿಜವಾಗಿಯೂ ಕಣ್ಣು ಮುಚ್ಚಿಕೊಂಡಿದ್ದಳು. ವಿಮಾನ ಒಂದು ಹದಕ್ಕೆ ಬಂದ ಮೇಲೆ ಕಣ್ಣು ಬಿಟ್ಟು, ಕಿಟಕಿಯ ಕಡೆ ಅಪ್ಪಿತಪ್ಪಿಯೂ ನೋಡದೆ, ಎದುರಿನ ಪರದೆಗೆ ದೃಷ್ಟಿ ಅಂಟಿಸಿದಳು. ಪರೀಕ್ಷೆ ಸರಳವಾಗಿತ್ತು. ಅವಳು ಒಂದು ಗುಂಡಿ ಒತ್ತಿದರೆ ಬಲರೆಕ್ಕೆಯ ಮೇಲಿನ ಚಿಕ್ಕ ಫಲಕವೊಂದು ಇಂಚಿಂಚಾಗಿ ಮೇಲೆದ್ದು, ಹಿಮ ಹತ್ತಿದ ಹಾಗೆಯೇ ಆ ರೆಕ್ಕೆಯನ್ನು ಕೆಳಗೆ ಜಗ್ಗುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಫಲಕ ತಟ್ಟನೆ ಮಲಗುತ್ತದೆ. ಯಾವಾಗ ಒತ್ತುತ್ತಾಳೆಂದು ನಾದಿನಿಗೆ ಹೇಳುವ ಹಾಗಿಲ್ಲ. ಅತ್ತಿಗೆಯ ಪರದೆಯ ಮೇಲೆ ಒಂದು ಬಣ್ಣದ ಪಟ್ಟಿ. ಸರಿಮಾಡಲು ಕಂಪ್ಯೂಟರಿಗಿರುವ ಶಕ್ತಿಯಲ್ಲಿ ಎಷ್ಟು ಖರ್ಚಾಗಿದೆ ಎಂದು ಅದು ತೋರಿಸುತ್ತಿತ್ತು.

ಅವಳು ಒತ್ತಿದಳು.

ಮುಂದೆ ನಾದಿನಿ ಯಾವ ಗೊಡವೆಯೂ ಇಲ್ಲದೆ ಹರಟುತ್ತಿದ್ದಳು. "ಅಣ್ಣ ಹಲ್ಲಿನ ಡಾಕ್ಟರ್ ಯಾಕಾದ ಗೊತ್ತಾ ಅತ್ತಿಗೆ? ಚಿಕ್ಕವನಿದ್ದಾಗ ಅಲ್ಲಾಡೋ ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದಿ ಬಾಗಿಲಿಗೆ ಕಟ್ಟಿದ್ದ. ಬಾಗಿಲು ತೆಗೀತಾರೆ ಅಂತ ಕಾದ, ಕಾದ. ಆ ಬಾಗಿಲು ಒಳಗಡೆಗೆ ತೆಗೆಯೋದು. ನಾನು ಹೊರಗಿಂದ ಜೋರಾಗಿ ತಳ್ಳಿದೆ, ಬಾಗಿಲು ಹೋಗಿ ಅವನ ಹಣೆಗೆ ಬಡೀತು. ಹಣೆ ಊದ್ಕೊಂಡಿತ್ತು, ಹಲ್ಲು ಹಾಗೇ ಇತ್ತು."

ಹಸಿರಾಗಿದ್ದ ಪಟ್ಟಿ ಹಳದಿಯಾಯಿತು. ವಿಮಾನ ನೀರಿನ ಮೇಲಿನ ಎಣ್ಣೆಯ ಹಾಗೆ ಜಾರುತ್ತಿತ್ತು. ನಾದಿನಿ ತನ್ನ ಮಾತಿಗೆ ತಾನೇ ನಗುತ್ತಿದ್ದಳು. ಪಟ್ಟಿ ಕೆಂಪಾಯಿತು. ಇನ್ನೊಂದು ಬೆರಳಿನಷ್ಟು ಜಾಗ ಉಳಿದಿತ್ತು. ಅದೂ ಮುಗಿದರೆ, ಒಂದು ಸಣ್ಣ ಗಾಳಿಯ ಹೊಡೆತಕ್ಕೂ ಎದುರು ನಿಲ್ಲಲು ಕಂಪ್ಯೂಟರಿನ ಹತ್ತಿರ ಏನೂ ಇರುವುದಿಲ್ಲ. ಇದು ಅತ್ತಿಗೆಗೆ ಗೊತ್ತಿತ್ತು. ಸ್ಟಿಕ್ಕು ಹಿಡಿದು ನಗುತ್ತಿದ್ದವಳಿಗೆ ಗೊತ್ತಿರಲಿಲ್ಲ. ಅವಳಿಗೆ ತಿಳಿಯದ ಹಾಗೆ ಮುಚ್ಚಿಟ್ಟವಳು ತಾನೇ.

ಅತ್ತಿಗೆ ಎರಡನೆಯ ಗುಂಡಿಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತಿದಳು.

"ನಿನಗೇನೂ ಗೊತ್ತಾಗ್ಲಿಲ್ವಾ?"

"ಏನು ಗೊತ್ತಾಗ್ಬೇಕಿತ್ತು? ಶುರು ಮಾಡಿದ್ರಾ?"

"ಶುರು ಮಾಡಿ ಮುಗಿಯೋಕೆ ಬಂದಿತ್ತು ಕಣೇ. ನೀನು ನಗ್ತಾ ಇದ್ದೆ."

"ಇದನ್ನೇ ನಾನು ಹೇಳಿದ್ದು," ಎಂದಳು ನಾದಿನಿ. ಗೆದ್ದೆನೆಂಬ ಬಿಂಕ ಆ ದನಿಯಲ್ಲಿರಲಿಲ್ಲ.

"ಗೊತ್ತಾಯ್ತು. ನಿನ್ನ ಮಾತು ಸರಿ."

"ಅತ್ತಿಗೆ, ಇನ್ನೊಂದ್ಸಲ ಹೇಳಿ, ಅಣ್ಣ ನಂಬಲ್ಲ." ನಾದಿನಿಗೆ ಹಳೆಯ ಹುರುಪು ಬಂತು. "ಅಂದ ಹಾಗೆ, ನೀವೀಗ ವಿಮಾನದಲ್ಲಿದೀರಿ. ನೆನಪಿದೆಯಾ?"

ಅತ್ತಿಗೆಗೆ ಅಷ್ಟು ಹೊತ್ತು ಅದು ಮರೆತೇಹೋಗಿತ್ತು. "ಈಗ ನೆನಪಾಯ್ತು. ಬೇಗ ಇಳಿಸು ತಾಯಿ."

ನೆಲದ ಮೇಲೆ ಕಾಲಿಟ್ಟವಳು ಉಡುಪು ಬದಲಿಸುವ ಮುಂಚೆಯೇ ಕೆಲಸಕ್ಕೆ ಕೂತಳು. ಮೊದಲು ಒಂದು ಕೆಂಪು ದೀಪ ಇಡುವುದೆಂದುಕೊಂಡಳು. ನಾದಿನಿ ಮೂಗು ಮುರಿದಳು: "ಅಲ್ಲಿ ಆಗಲೇ ಅಂಗಡಿ ಬೀದಿಯಷ್ಟು ದೀಪ ಇವೆ. ಇಳಿಯೋ ಹೊತ್ತಲ್ಲಿ ಕಣ್ಣು ರನ್‌ವೇ ಮೇಲಿರುತ್ತೆ." ಗಂಟೆ ಬಾರಿಸುವುದೆಂದರೆ, ರೋಗಿಯೂ ವೈದ್ಯರೂ ಹೆದರುತ್ತಾರೆ. ಏನಿದ್ದರೂ ಅದು ಕೈಗೇ ಗೊತ್ತಾಗಬೇಕು. ಹಾಗಾದರೆ, ಅತ್ತಿಗೆ ಯೋಚಿಸಿದಳು, ವ್ಯತ್ಯಾಸವನ್ನು ಪೂರ್ತಿ ಸೊನ್ನೆ ಮಾಡಲೇಬೇಕೆಂದು ಹೇಳಿದವರು ಯಾರು? ಬೇರೆ ಯಾರೂ ಅಲ್ಲ, ತಾನೇ. ಅಷ್ಟು ನಯವಾಗಿ ಹಾರಿಸಬಲ್ಲೆ ಎಂಬ ಹೆಮ್ಮೆ ಅದು. ಕಂಪ್ಯೂಟರು ತೊಂದರೆಯ ಬಹುಪಾಲನ್ನು ತಾನು ಹೊರಲಿ, ಚೂರನ್ನು ಬಿಟ್ಟುಕೊಡಲಿ. ಶಕ್ತಿ ಖರ್ಚಾಗುತ್ತ ಹೋದ ಹಾಗೆ ಆ ಚೂರು ದೊಡ್ಡದಾಗಲಿ. ಬಲರೆಕ್ಕೆಗೆ ತೊಂದರೆಯಾದರೆ ಸ್ಟಿಕ್ಕು ಬಲಕ್ಕೇ ವಾಲಲಿ, ಪೈಲಟ್ಟಿನ ಕೈಗೆ ಭಾರವಾಗಲಿ.

ಹೇಳುವುದು ಸುಲಭ. ತಪ್ಪನ್ನು ಬೇಕೆಂದೇ ಸ್ವಲ್ಪ ಉಳಿಸಿದರೆ, ಅದು ಬೆಳೆದು ಬೆಳೆದು ವಿಮಾನವನ್ನೇ ಅಲ್ಲಾಡಿಸುವುದಿಲ್ಲ ಎನ್ನುವುದಕ್ಕೆ ಏನು ಖಾತರಿ? ಮೊದಲ ಪ್ರಯತ್ನದಲ್ಲಿ ಆದದ್ದೂ ಅದೇ. ಕಂಪ್ಯೂಟರು ಬಿಡಲೋ ಹಿಡಿಯಲೋ ಎಂದು ಹೊಯ್ದಾಡಿ, ಸಿಮ್ಯುಲೇಟರು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ನಾದಿನಿ ದವಡೆ ಹಿಡಿದುಕೊಂಡು ಹೊರಬಂದು, "ಅಣ್ಣನಿಗೆ ಗಿರಾಕಿ ಹುಡುಕಿ ಕೊಡ್ತಿದೀರಾ?" ಎಂದಳು. ಅತ್ತಿಗೆ ಮತ್ತೆ ಕೂತಳು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಗಂಡನ ಕ್ಲಿನಿಕ್ಕಿನ ಬೆಂಚಿನ ಮೇಲೆ ಅವನಿಗಾಗಿ ಕಾದು ಕೂತಾಗ, ಎಲ್ಲೆಂದರಲ್ಲಿ ಲೆಕ್ಕ ಮಾಡಿದಳು. ಒಟ್ಟಿಗೆ ಬಿಡುವುದೂ ಅಲ್ಲ, ಒಟ್ಟಿಗೆ ಹಿಡಿಯುವುದೂ ಅಲ್ಲ. ಅಂಚಿನ ಹತ್ತಿರ ಬಂದ ಹಾಗೆ ಮೆಲ್ಲಗೆ ಹಿಡಿತ ಬಿಗಿಯಾಗಬೇಕು. ಉಳಿಸಿದ ತಪ್ಪಿನ ಸುತ್ತ ಒಂದು ಬೇಲಿ ಹಾಕಿ, ಏನೇ ಆದರೂ ಅದು ಬೇಲಿ ದಾಟುವುದಿಲ್ಲ ಎಂದು ಸಾಧಿಸಿ ತೋರಿಸಬೇಕು. ಬೆಂಚಿನ ಮೇಲೆ, ಹಲ್ಲುನೋವಿನ ಇಬ್ಬರ ನಡುವೆ ಕೂತಿದ್ದಾಗ ಆ ಬೇಲಿಯ ಕೊನೆಯ ಗೂಟ ಸಿಕ್ಕಿತು. ಅವಳ ಮುಖ ಅರಳಿದ್ದು ನೋಡಿ ಪಕ್ಕದವರು, "ನಿಮಗೆ ನೋವು ಕಡಿಮೆ ಆಯ್ತಾ?" ಎಂದು ಆಸೆಯಿಂದ ಕೇಳಿದರು. ಅವಳು ಹೌದೆಂದಳು.

ಮಾರ್ಜಿನ್ ಮೇಷ್ಟ್ರು ಒಂದಿಡೀ ಮಧ್ಯಾಹ್ನ ಬೋರ್ಡಿನೆದುರು ನಿಂತು ಆ ಬೇಲಿಯನ್ನು ಎಲ್ಲ ಕಡೆಯಿಂದಲೂ ಅಲ್ಲಾಡಿಸಿ ನೋಡಿದರು. ಬಿಸಿಯಾದ ಚಹಾ ಬಂತು, ತಣ್ಣಗಾಯಿತು, ಹೊರಟುಹೋಯಿತು. ಕೊನೆಗೆ ಕೈಯೊರೆಸಿಕೊಂಡು, "ಹಿಂದಿನದಕ್ಕಿಂತ ಇದು ಒರಟು," ಎಂದರು. "ಆದ್ರೆ ನನ್ನನ್ನ ಇದರಲ್ಲೇ ಕೂರಿಸಿ." ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಹೊಸ ಲೆಕ್ಕದೊಂದಿಗೆ ಹಾರುವ ದಿನ ಅತ್ತಿಗೆಯನ್ನು ಯಾರೂ ಕರೆಯಬೇಕಾಗಲಿಲ್ಲ. ಹೆದರಿಕೆ ಹೋಗಿರಲಿಲ್ಲ; ಆದರೂ ತಾನೇ ಹೋಗಿ ಸೀಟಿನ ಪಟ್ಟಿ ಬಿಗಿದುಕೊಂಡಳು. ಮೇಲೆ ಎಲ್ಲ ಸರಿಯಾಯಿತು. ಅವಳು ಗುಂಡಿ ಒತ್ತಿದಾಗೆಲ್ಲ ನಾದಿನಿ, "ಬಲರೆಕ್ಕೆ," "ಈಗ ಹೆಚ್ಚಾಯ್ತು," "ಈಗ ತೆಗೆದ್ರಿ" ಎಂದು ಕೈಯ ಅಂದಾಜಿನಲ್ಲೇ ಹೇಳುತ್ತ ಹೋದಳು. ಇಬ್ಬರೂ ಖುಷಿಯಾಗಿ ಊರ ಕಡೆ ತಿರುಗಿದರು. ರನ್‌ವೇ ಕಾಣಿಸಿತು. ವೇಗ ತಗ್ಗಿಸಲು ನಾದಿನಿ ಫ್ಲ್ಯಾಪ್ ಇಳಿಸತೊಡಗಿದಳು. ಎರಡೂ ರೆಕ್ಕೆಗಳ ಹಿಂಬದಿಯ ಆ ಅಗಲ ಫಲಕಗಳು ಸಮನಾಗಿ ಕೆಳಗೆ ಬಾಗಬೇಕು.

"ಅತ್ತಿಗೆ, ಸಾಕು, ಆಟ ಮುಗೀತು. ಮತ್ತೆ ಯಾಕೆ ಒತ್ತಿದ್ರಿ?"

"ನಾನೇನೂ ಒತ್ತಿಲ್ಲ."

"ಸ್ಟಿಕ್ಕು ಎಡಕ್ಕೆ ವಾಲ್ತಿದೆ."

ಅತ್ತಿಗೆ ಪರದೆ ನೋಡಿದಳು. ಪಟ್ಟಿ ಹಳದಿಗೆ ಏರುತ್ತಿತ್ತು. ಕಿಟಕಿಯ ಕಡೆ ನೋಡಬಾರದೆಂಬುದನ್ನು ಮರೆತು ಕತ್ತು ಹೊರಳಿಸಿ ಎರಡೂ ಕಡೆ ನೋಡಿದಳು. ಬಲಗಡೆಯ ಫ್ಲ್ಯಾಪ್ ಇಳಿಯುತ್ತಲೇ ಇತ್ತು. ಎಡಗಡೆಯದು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಹೀಗಾದರೆ ತಾನಾಗಿಯೇ ಎರಡನ್ನೂ ನಿಲ್ಲಿಸಬೇಕಿದ್ದ ಸಲಕರಣೆಯೂ ಕೈಕೊಟ್ಟಿತ್ತು.

"ಎಡ ಫ್ಲ್ಯಾಪ್ ನಿಂತಿದೆ. ಬಲದ್ದನ್ನ ಇನ್ನು ಇಳಿಸಬೇಡ."

"ನಿಲ್ಲಿಸಿದೆ." ನಾದಿನಿಯ ದನಿಯಲ್ಲಿ ಈಗ ಹರಟೆಯಿರಲಿಲ್ಲ. ಎಂಜಿನ್ನಿನ ಸದ್ದು ಏರಿತು, ಮೂಗು ಎದ್ದಿತು, ರನ್‌ವೇ ಕೆಳಗೆ ಜಾರಿ ಹಿಂದೆ ಹೋಯಿತು. "ಬಲದ್ದನ್ನ ಮೆಲ್ಲಗೆ ಮೇಲೆ ತರ್ತೀನಿ. ಎರಡೂ ಸಮ ಆದ್ರೆ ಹೇಳಿ."

ಅತ್ತಿಗೆ ಎರಡು ಕಿಟಕಿಗಳ ನಡುವೆ ತಲೆ ತಿರುಗಿಸುತ್ತ, "ಇನ್ನೂ... ಇನ್ನೂ ಸ್ವಲ್ಪ... ಸಾಕು" ಎಂದಳು. ಪರದೆಯ ಮೇಲೆ ಪಟ್ಟಿ ಇಳಿದು ಹಸಿರಾಯಿತು.

"ಕೈಗೂ ಸಮ ಅನಿಸ್ತು," ಎಂದಳು ನಾದಿನಿ.

ಪೂರ್ತಿ ಫ್ಲ್ಯಾಪ್ ಇಲ್ಲದೆ ಇಳಿಯಬೇಕೆಂದರೆ ವೇಗ ಹೆಚ್ಚಿರಬೇಕು, ರನ್‌ವೇ ಉದ್ದವಿರಬೇಕು. ನಿಯಂತ್ರಣ ಗೋಪುರದವರು ದೊಡ್ಡ ರನ್‌ವೇ ಬಿಟ್ಟುಕೊಟ್ಟರು. ಇಳಿಯುವ ಕೊನೆಯ ಗಳಿಗೆಯಲ್ಲಿ ಅಡ್ಡಗಾಳಿಯೊಂದು ಬಲವಾಗಿ ತಳ್ಳಿತು. ಕಂಪ್ಯೂಟರಿನ ಹತ್ತಿರ ಅದಕ್ಕೆ ಬೇಕಾದಷ್ಟು ಶಕ್ತಿ ಉಳಿದಿತ್ತು; ರೆಕ್ಕೆ ತುಸು ತೊನೆದು ಸಮನಾಯಿತು, ಚಕ್ರಗಳು ಕೀಚಲು ಸದ್ದು ಮಾಡಿ ನೆಲ ಮುಟ್ಟಿದವು. ಎಲ್ಲವನ್ನೂ ಮುಚ್ಚಿಡುತ್ತಿದ್ದ ಅತ್ತಿಗೆಯ ಮೊದಲಿನ ಲೆಕ್ಕವೇ ಇದ್ದಿದ್ದರೆ ನಾದಿನಿ ಏನೂ ತಿಳಿಯದೆ ಫ್ಲ್ಯಾಪ್ ಪೂರ್ತಿ ಇಳಿಸಿರುತ್ತಿದ್ದಳು, ಆ ಗಾಳಿ ಬಂದಾಗ ಕಂಪ್ಯೂಟರು ಬರಿಗೈಯಲ್ಲಿರುತ್ತಿತ್ತು. ಇಬ್ಬರಿಗೂ ಇದು ಗೊತ್ತಿತ್ತು.

ವಿಮಾನ ನಿಂತ ಮೇಲೆ ನಾದಿನಿ ಹಿಂದೆ ಬಂದು ಅತ್ತಿಗೆಯ ಸೀಟಿನ ಪಟ್ಟಿ ಬಿಚ್ಚಿದಳು. ಅತ್ತಿಗೆ ಅವಳ ಕೈ ಹಿಡಿದುಕೊಂಡಳು.

"ಚೆನ್ನಾಗಿ ಮಾತಾಡ್ತು ಅತ್ತಿಗೆ, ನಿಮ್ಮ ವಿಮಾನ."

"ಚೆನ್ನಾಗಿ ಕೇಳಿಸ್ಕೊಂಡೆ ನೀನು."

ಮೆಕ್ಯಾನಿಕ್ಕುಗಳು ರೆಕ್ಕೆ ಬಿಚ್ಚಿ ನೋಡಿದಾಗ ಎಡ ಫ್ಲ್ಯಾಪ್ ತಿರುಗಿಸುವ ದಂಡದ ಕೀಲು ಮುರಿದಿತ್ತು. ಆ ಕೀಲನ್ನು ಗಟ್ಟಿ ಮಾಡಿದರು, ಕೈಕೊಟ್ಟ ಸಲಕರಣೆಯನ್ನೂ ಬದಲಿಸಿದರು. ತಿಂಗಳುಗಳ ತಪಾಸಣೆಯ ನಂತರ ಆಸ್ಪತ್ರೆ ವಿಮಾನಕ್ಕೆ ಹಾರಲು ಒಪ್ಪಿಗೆ ಸಿಕ್ಕಿತು. ಅತ್ತಿಗೆಯ ಲೆಕ್ಕ ವಾಲುವ ಸ್ಟಿಕ್ಕಿನ ಸಮೇತ ಅದರಲ್ಲಿ ಉಳಿಯಿತು.

ಅದನ್ನು ಹಾರಿಸಲಿರುವ ಪೈಲಟ್ಟುಗಳ ಮೊದಲ ತಂಡ ತರಬೇತಿಗೆ ಬಂದಾಗ ಅತ್ತಿಗೆ ತರಗತಿಯ ಹಿಂಬದಿಯಲ್ಲಿ ಹೋಗಿ ಕೂತಳು. ಒಬ್ಬರು ಈ ವಿಮಾನ ಸ್ವಲ್ಪ ಹೆಚ್ಚೇ ಗೊಣಗುತ್ತದೆ ಎಂದರು. ಇನ್ನೊಬ್ಬರು, ಕಿವುಡರಿಗೆ ಗೊಣಗಿದರೆ ಸಾಲದು, ಇನ್ನೂ ಜೋರಾಗಿರಬೇಕಿತ್ತು ಎಂದರು. ಅವರಿಬ್ಬರಿಗೇ ಜಗಳ ಹತ್ತಿತು. ಪಾಠ ಹೇಳುತ್ತಿದ್ದ ನಾದಿನಿ ಮಧ್ಯೆ ಬಾಯಿ ಹಾಕಿ, ಕೈಗಿಂತ ಕಾಲಿಗೆ ಗೊತ್ತಾಗುವ ತೊಂದರೆಗಳೂ ಇವೆ, ಪೆಡಲುಗಳೂ ಹೀಗೇ ಮಾತಾಡಬೇಕು ಎಂದಳು.

"ಪೆಡಲಿಗೆ ಬೇಡ," ಎಂದು ಅತ್ತಿಗೆ ಹಿಂದಿನಿಂದಲೇ ಹೇಳಿದಳು.

"ಯಾಕೆ ಬೇಡ?"

"ಕೈಯೂ ಕಾಲೂ ಒಟ್ಟಿಗೆ ಮಾತಾಡಿದ್ರೆ ಯಾರ ಮಾತು ಕೇಳ್ತೀಯ?"

ಪೈಲಟ್ಟುಗಳೆಲ್ಲ ಕುರ್ಚಿಯಲ್ಲಿ ತಿರುಗಿ ಕೂತರು. ಅತ್ತಿಗೆ ಎದ್ದು ಬೋರ್ಡಿನ ಹತ್ತಿರ ಹೋದಳು, ನಾದಿನಿ ಅರ್ಧ ಬೋರ್ಡು ಒರೆಸಿ ಜಾಗ ಮಾಡಿಕೊಟ್ಟಳು.